ಗೀರೂ ಮೆರುಗೂ

ಮೋಟಾರು ಗಾಡಿಯ ಮೈಮೇಲಣ ಒಂದು ಗೀರಿನ ವಿಷಯವಾಗಿ ಧರ್ಮಜಿಜ್ಞಾಸೆಗೆ ಹೊರಡುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಧರ್ಮವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಯುದ್ಧ, ದಾನ, ಸತ್ಯವ್ರತ ಮೊದಲಾದ ದೊಡ್ಡ ಪ್ರಸಂಗಗಳನ್ನೇ ಆರಿಸಿಕೊಳ್ಳುವರು. ಆದರೆ ಗೃಹಸ್ಥನಾದವನು ತನ್ನ ಆಯುಷ್ಯದಲ್ಲಿ ಹರಿಶ್ಚಂದ್ರನ ಇಕ್ಕಟ್ಟಿಗೆ ಸಿಕ್ಕುವುದು ಅಪರೂಪ. ಅವನ ಪ್ರಾಮಾಣಿಕತೆಯು ಪರೀಕ್ಷೆಗೆ ಒಳಗಾಗುವುದು ಹಾಲಿನವಳ ಲೆಕ್ಕದಲ್ಲಿ, ಬಾಡಿಗೆಯ ಕರಾರಿನಲ್ಲಿ, ಹಳೆಯ ಸಾಮಾನನ್ನು ಮಾರುವ ಹೊತ್ತಿನಲ್ಲಿ. ಗಾಡಿಯ ಗೀರು ಈ ವರ್ಗಕ್ಕೆ ಸೇರಿದುದು. ಅದನ್ನು ಮನೆಯಲ್ಲಿಯೇ ಸ್ವಹಸ್ತದಿಂದ ಸರಿಪಡಿಸಿಕೊಳ್ಳುವವನು ಏನು ಮಾಡುತ್ತಿದ್ದಾನೆ? ವಸ್ತುವನ್ನು ಗುಣಪಡಿಸುತ್ತಿದ್ದಾನೆಯೆ, ಅಥವಾ ನೋಡುವವರ ಕಣ್ಣಿಗೆ ಮರೆ ಕಟ್ಟುತ್ತಿದ್ದಾನೆಯೆ? ಪ್ರಕೃತ ವಿಷಯವು ಇಷ್ಟೇ.

ಕಾರೆಂಬುದು ಇಂದು ನಮ್ಮ ಜಿಲ್ಲಾ ಪಟ್ಟಣಗಳಲ್ಲಿಯೂ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಎತ್ತಿನ ಬಂಡಿಗೂ ಸೈಕಲ್ಲಿಗೂ ಸಾಲುವಷ್ಟು ಅಗಲಕ್ಕೆ ಬಿಟ್ಟ ಓಣಿಗಳಲ್ಲಿ ಅದು ನಿಲ್ಲಬೇಕು, ಹಿಂದೆ ಸರಿಯಬೇಕು, ತಿರುಗಬೇಕು. ಗೇಟಿನ ಅಗುಳಿ, ನೆರೆಮನೆಯ ಕಾಗದಹೂವಿನ ಮುಳ್ಳು, ಸ್ಕೂಟರಿನ ಹಿಡಿ, ಕಲ್ಲಿನ ಚೂರು ಹಿಡಿದು ಅಕ್ಷರಾಭ್ಯಾಸಕ್ಕೆ ತೊಡಗಿದ ಮಗು, ಇವೆಲ್ಲವೂ ಅದರ ಮೇಲೆ ತಮ್ಮ ತಮ್ಮ ಗುರುತನ್ನು ಬಿಟ್ಟು ಹೋಗುವುವು. ಇವೆಲ್ಲಕ್ಕಿಂತಲೂ ಎಡೆಬಿಡದೆ ಹಾನಿ ಮಾಡತಕ್ಕದ್ದು, ಪ್ರತಿದಿನ ಬೆಳಿಗ್ಗೆ ಒಣಬಟ್ಟೆಯಿಂದ ಧೂಳನ್ನು ಒರೆಸುವ ನಮ್ಮ ಭಕ್ತಿಯೇ ಸರಿ. ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಒಣಬಟ್ಟೆಯು ಅವನ್ನು ಮೈಯುದ್ದಕ್ಕೂ ಎಳೆದಾಡುತ್ತದೆ. ಬಿಸಿಲಿನಲ್ಲಿ ಜೇಡರ ಬಲೆಯಂತೆ ಹೊಳೆಯುವ ಸಣ್ಣ ಸಣ್ಣ ಗೆರೆಗಳು ಬಹುಮಟ್ಟಿಗೆ ಹೀಗೆ ಆದವು. ಒಂದು ಚೊಂಬು ನೀರು ಸುರಿದು ಆಮೇಲೆ ಒರೆಸಿದ್ದರೆ ಅವುಗಳಲ್ಲಿ ಅರ್ಧವೂ ಬೀಳುತ್ತಿರಲಿಲ್ಲ.

ಬಣ್ಣದ ಅಂಗಡಿಗೆ ಒಯ್ದರೆ ಗೆಣ್ಣುದ್ದದ ಗೀರಿಗಾಗಿ ಇಡೀ ಬಾಗಿಲಿಗೆ ಬಣ್ಣ ಹೊಡೆಯುವರು. ಅದು ಅವರ ದುರಾಸೆಯೆಂದು ತಿಳಿಯಬೇಕಾಗಿಲ್ಲ. ಹಳೆಯ ಬಣ್ಣಕ್ಕೂ ಹೊಸತಕ್ಕೂ ನಡುವೆ ಎದ್ದು ಕಾಣುವ ಅಂಚನ್ನು ತಪ್ಪಿಸಲು ಅದೇ ಸುಲಭವಾದ ದಾರಿ. ವಿಮೆಯಿಂದ ಹಣ ಕೇಳೋಣವೆಂದರೆ, ಹಣ ಕೇಳದೆ ಕಳೆದ ವರ್ಷಗಳಿಗಾಗಿ ದೊರೆಯುವ ರಿಯಾಯಿತಿಯು ಕೈಬಿಡುವುದು. ನಮ್ಮ ದೇಶದಲ್ಲಿ ಈ ರಿಯಾಯಿತಿಯು ಮೊದಲ ವರ್ಷಕ್ಕೆ ಶೇಕಡ ೨೦ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ೫೦ರವರೆಗೆ ಏರುತ್ತದೆ. ಸಣ್ಣ ಗೀರಿಗಾಗಿ ಇದನ್ನು ಕಳೆದುಕೊಳ್ಳಲು ಲೆಕ್ಕ ಬಲ್ಲವನು ಒಪ್ಪನು. ಆದುದರಿಂದ ಅನೇಕರು ಗಾಡಿಯ ಬಾಗಿಲ ಕಂಬದಲ್ಲಿಯೋ ಮತ್ತೆಲ್ಲಿಯೋ ಅಂಟಿಸಿರುವ ಬಣ್ಣದ ಸಂಕೇತವನ್ನು ಬರೆದುಕೊಂಡು ಹೋಗಿ, ಕುಂಚವಿರುವ ಒಂದು ಪುಟ್ಟ ಸೀಸೆಯನ್ನು ತಂದು ತಾವೇ ಕೆಲಸಕ್ಕೆ ಕೂಡುವರು. ತನ್ನ ವಸ್ತುವನ್ನು ತಾನೇ ತಿದ್ದಿಕೊಳ್ಳುವುದರಲ್ಲಿ ಒಂದು ಗೌರವವಿದೆಯೆಂದು ನಾನು ನಂಬಿದ್ದೇನೆ. ಅದನ್ನು ವಾದಿಸಿ ಸ್ಥಾಪಿಸುವ ಅಗತ್ಯವಿಲ್ಲ.

ಆದರೆ ಮೊದಲು ಗೀರೆಂದರೇನು ಎಂಬುದನ್ನು ತಿಳಿಯಬೇಕು. ತಿಳಿಯದೆ ನ್ಯಾಯಾನ್ಯಾಯಗಳನ್ನು ಹೇಳುವುದು ನಾಡಿ ಹಿಡಿಯದೆ ಔಷಧ ಕೊಟ್ಟಂತೆ. ನಾವು ಗಾಡಿಯ ಬಣ್ಣವೆಂದು ಕರೆಯುವುದು ಒಂದೇ ಲೇಪವಲ್ಲ. ಉಕ್ಕಿನ ತಗಡಿನ ಮೇಲೆ ತುಕ್ಕನ್ನು ತಡೆಯುವ ಒಂದು ಲೇಪ, ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕವಾದ ಮೆರುಗಿನ ಲೇಪ. ಎಲ್ಲ ಸೇರಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಬರೆಯುವ ಕಾಗದದ ಒಂದು ಹಾಳೆಯಷ್ಟು ದಪ್ಪವೆಂದರೆ ತಪ್ಪಾಗದು. ನಾವು ಹೆಮ್ಮೆಪಡುವ ಹೊಳಪೆಲ್ಲ ಇರುವುದು ಅದರಲ್ಲಿಯೂ ಮೇಲಣ ಮೂರನೆಯ ಒಂದು ಪಾಲಿನಲ್ಲಿ. ಗೀರು ಈ ಮೆರುಗಿನ ಲೇಪದಲ್ಲಿಯೇ ನಿಂತಿದ್ದರೆ ಅದು ಬೆಳ್ಳಗೆ ಕಾಣುವುದು. ಬಿಳಿಯ ಪದಾರ್ಥವೇನೂ ಅಲ್ಲಿಲ್ಲ. ನಯವಾದ ಮೈಯಿಂದ ಒಂದೇ ದಿಕ್ಕಿಗೆ ಹೊರಳಬೇಕಾದ ಬೆಳಕು, ಗೀರಿನ ಒರಟಾದ ಅಂಚುಗಳಲ್ಲಿ ಚದುರಿಹೋಗುವುದೇ ಕಾರಣ. ಉಗುರಿನಿಂದ ಮೆಲ್ಲನೆ ಎಳೆದು ನೋಡಿದಾಗ ಉಗುರು ತಡೆದರೆ ಗೀರು ಆಳವಾಗಿದೆಯೆಂದೂ ತಡೆಯದಿದ್ದರೆ ಮೇಲುಮೇಲಿನದೆಂದೂ ತಿಳಿಯುವ ಪದ್ಧತಿಯುಂಟು. ಒಳಗಿನಿಂದ ಪ್ರೈಮರಿನ ಬೂದುಬಣ್ಣವೋ ಲೋಹದ ಹೊಳಪೋ ಕಂಡರೆ ಪರೀಕ್ಷೆಯೇ ಬೇಡ.

ಇಲ್ಲಿ ಒಂದು ಚಮತ್ಕಾರವನ್ನು ಹೇಳಬೇಕು. ಮೇಲುಗೀರಿನ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರಿದರೆ ಅದು ಕಾಣದಂತಾಗುವುದು. ಎಣ್ಣೆಯು ಗೀರಿನ ಹಳ್ಳವನ್ನು ತುಂಬಿ ಬೆಳಕು ಚದುರದಂತೆ ಮಾಡುತ್ತದೆ. ನಾಲ್ಕು ಸಲ ತೊಳೆದರೆ ಎಣ್ಣೆ ಹೋಯಿತು, ಗೀರು ಬಂದಿತು. ಮೇಣದ ಪಾಲಿಷಿನ ಕೆಲಸವೂ ಬಹುಮಟ್ಟಿಗೆ ಹೀಗೆಯೇ. ಗುಣಪಡಿಸುವುದಕ್ಕೂ ಮರೆಮಾಡುವುದಕ್ಕೂ ಇರುವ ಭೇದವನ್ನು ತೋರಿಸಲು ಇದಕ್ಕಿಂತ ಸುಲಭವಾದ ದೃಷ್ಟಾಂತವು ನನಗೆ ತಿಳಿಯದು. ಎಣ್ಣೆ ಸವರಿದಾಗ ಗಾಡಿಯಲ್ಲಿ ಏನೂ ಮಾರ್ಪಡಲಿಲ್ಲ. ಮಾರ್ಪಟ್ಟದ್ದು ನೋಟ ಮಾತ್ರ. ನಾಳೆ ಬೆಳಿಗ್ಗೆ ಕೊಳ್ಳುವವನು ಬರುತ್ತಾನೆಂದು ಇಂದು ಸಂಜೆ ಎಣ್ಣೆ ಸವರಿದವನ ಮನಸ್ಸನ್ನು ಓದಲು ಶಾಸ್ತ್ರಜ್ಞಾನವೇನೂ ಬೇಡ.

ನಿಜವಾದ ದುರಸ್ತಿಯಲ್ಲಿಯೂ ಎರಡು ಬಗೆ. ಮೇಲುಗೀರನ್ನು ತೆಗೆಯುವವನು ಅದನ್ನು ತುಂಬುವುದಿಲ್ಲ. ಎರಡು ಸಾವಿರ, ಮೂರು ಸಾವಿರ ಸಂಖ್ಯೆಯ ಅತಿ ನಯವಾದ ಉಪ್ಪುಕಾಗದವನ್ನು ಸಾಬೂನು ನೀರಿನಲ್ಲಿ ನೆನೆಸಿ ಉಜ್ಜಿ, ಬಳಿಕ ಉಜ್ಜುವ ಲೇಪದಿಂದ ಮೆರುಗು ಕೊಡುತ್ತಾನೆ. ಹೀಗೆ ಮಾಡಿದಾಗ ಆಗುವುದೇನು? ಗೀರಿನ ಸುತ್ತಲಿನ ಒಳ್ಳೆಯ ಮೈಯನ್ನು ಗೀರಿನ ತಳದ ಮಟ್ಟಕ್ಕೆ ಇಳಿಸಿದಂತಾಯಿತು. ಒಂದು ದೊಡ್ಡ ಗೀರನ್ನು ಅಳಿಸಲು, ಕಣ್ಣಿಗೆ ಕಾಣದ ಸಾವಿರಾರು ಸಣ್ಣ ಗೀರುಗಳನ್ನು ಎಳೆಯಬೇಕು. ಹಲ್ಲುಜ್ಜುವ ಪೇಸ್ಟಿನಿಂದ ಗೀರು ಹೋಗುವುದೆಂದು ಮನೆಮನೆಯಲ್ಲಿ ಹೇಳುವರಷ್ಟೆ. ಅದೂ ಇದೇ ಕ್ರಮದ್ದು, ಅದರಲ್ಲಿಯೂ ಮೆಲ್ಲಗೆ ಸವೆಸುವ ಪುಡಿಯಿದೆ. ಮೆರುಗಿನ ಲೇಪವಾದರೋ ಒಂದು ಮಿತಿಯುಳ್ಳ ಬಂಡವಾಳ. ಪ್ರತಿಸಲ ಉಜ್ಜಿದಾಗಲೂ ಅದರಲ್ಲಿ ಸ್ವಲ್ಪ ಖರ್ಚಾಗುವುದು. ಖರ್ಚಾದುದು ಮರಳಿ ಬಾರದು. ಯಾವ ಗೀರೂ ಇರಕೂಡದೆಂದು ತಿಂಗಳಿಗೊಮ್ಮೆ ಉಜ್ಜುವವನ ಗಾಡಿಯು, ಗೀರುಗಳನ್ನು ಬಿಟ್ಟುಬಿಟ್ಟವನ ಗಾಡಿಗಿಂತ ಮೊದಲೇ ಬಣ್ಣಗೆಡುವುದುಂಟು.

ಆಳದ ಗೀರಿನದು ಬೇರೆ ಕಥೆ. ಅಲ್ಲಿ ತೊಳೆದು, ಜಿಡ್ಡು ತೆಗೆದು, ಪ್ರೈಮರು ಮುಟ್ಟಿಸಿ, ಅದು ಆರಿದ ಮೇಲೆ ಬಣ್ಣವನ್ನು ಒಂದೇ ಸಲಕ್ಕೆ ಸುರಿಯದೆ ತೆಳ್ಳಗೆ ಹಲವು ಸಲ ಇಟ್ಟು, ಕೊನೆಗೆ ಮೆರುಗಿನ ಲೇಪ ಕೊಟ್ಟು, ಅದು ಚೆನ್ನಾಗಿ ಗಟ್ಟಿಯಾಗುವವರೆಗೆ ಕಾದು ಸಮಮಾಡಬೇಕು. ಉರಿಬಿಸಿಲಿನಲ್ಲಿ ಮಾಡಕೂಡದು, ಮಳೆಯ ತೇವದಲ್ಲಿಯೂ ಮಾಡಕೂಡದು. ಆತುರದ ಸ್ವಭಾವದವರಿಗೆ ಇದೊಂದು ವ್ರತವೇ. ತುಂತುರು ಹೊಡೆಯುವ ಎರಡು ದ್ರವಗಳ ಮೆರುಗನ್ನು ಮಾತ್ರ ಮನೆಯಲ್ಲಿ ಮುಟ್ಟದಿರುವುದು ಲೇಸು. ಅದರಲ್ಲಿರುವ ಐಸೊಸಯನೇಟ್ ಎಂಬ ಪದಾರ್ಥವು ಉಸಿರಾಟಕ್ಕೆ ಕೇಡು, ಅದರಿಂದ ಉಬ್ಬಸವೂ ಬರಬಹುದು. ನಮ್ಮ ಗಾಡಿಯ ಹೊಳಪಿಗಾಗಿ ನೆರೆಮನೆಯ ಮಗುವಿನ ಎದೆಗೂಡನ್ನು ಒತ್ತೆಯಿಡುವ ಅಧಿಕಾರ ನಮಗಿಲ್ಲ.

ಗೀರು ಲೋಹವನ್ನು ಮುಟ್ಟಿ, ತುಕ್ಕು ಹಿಡಿದಿದ್ದರೆ ಮುಚ್ಚುವ ಮೊದಲು ಬಿಚ್ಚಬೇಕು. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಅದು ಸುತ್ತಲಿನ ಒಳ್ಳೆಯ ಬಣ್ಣವನ್ನು ಒಳಗಿನಿಂದಲೇ ಎತ್ತುತ್ತ ಹೋಗುವುದು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯ ಉಪ್ಪುಗಾಳಿಯು ಈ ಕೆಲಸವನ್ನು ಇಮ್ಮಡಿ ಚುರುಕಿನಿಂದ ನಡೆಸುವುದು. ತುಕ್ಕನ್ನು ಕೆರೆದು ಶುದ್ಧಲೋಹವನ್ನು ಕಾಣಿಸದೆ ಮೇಲೆ ಬಣ್ಣ ಬಳಿದರೆ, ಗೀರಿಗಿಂತಲೂ ದೊಡ್ಡದೊಂದು ಕೇಡನ್ನು ನಾವೇ ಕಾಪಾಡಿದಂತಾಯಿತು. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಯಲ್ಲಿ ಥಳಕೂ ಹುಳುಕೂ ಒಂದರ ಪಕ್ಕದಲ್ಲಿ ಒಂದು ಸುಮ್ಮನೆ ಇರುವಂತೆ ತೋರುವುದು. ಇಲ್ಲಿ ಹಾಗಲ್ಲ, ಥಳಕೇ ಹುಳುಕನ್ನು ಬೆಳೆಸುವುದು.

ಇಷ್ಟು ಕೇಳಿದ ಮೇಲೆ ವೈರಾಗ್ಯಶೀಲರೊಬ್ಬರು, “ಇದೆಲ್ಲ ಏತಕ್ಕೆ? ಗೀರು ಬಿದ್ದರೆ ಗಾಡಿ ಓಡದೆ? ಮೈಬಣ್ಣದ ಮೋಹವೇ ಒಂದು ವ್ಯಸನ” ಎನ್ನಬಹುದು. ಈ ಮೋಹವು ಹೊಸತೆಂಬುದು ನಿಜ. ಆರಂಭದ ದಿನಗಳಲ್ಲಿ ಸಾರೋಟುಗಳಿಗೆ ಬಳಿಯುವಂತೆಯೇ ಕುಂಚದಿಂದ ವಾರ್ನಿಷನ್ನು ಪದರಪದರವಾಗಿ ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. ಹೆನ್ರಿ ಫೋರ್ಡರ ಟಿ ಮಾದರಿಯ ಗಾಡಿಯು ೧೯೧೪ರಿಂದ ೧೯೨೫ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿತ್ತು. ೧೯೨೩ರಲ್ಲಿ ಡ್ಯೂಪಾಂಟ್ ಕಂಪೆನಿಯ ಡ್ಯೂಕೊ ಎಂಬ ಬೇಗನೆ ಆರುವ ಬಣ್ಣವು ಜನರಲ್ ಮೋಟಾರ್ಸಿನವರ ಓಕ್ಲೆಂಡ್ ಗಾಡಿಗಳ ಮೇಲೆ ಬಂದಿತು. ಅಲ್ಲಿಂದ ಮುಂದೆ ಗಾಡಿಯ ಬಣ್ಣವು ಯಜಮಾನನ ಅಭಿರುಚಿಯ ಪತಾಕೆಯಾಯಿತು. (ನಮ್ಮ ಬಡಗಿಗಳು ಬೀರುವಿಗೆ ‘ಡ್ಯೂಕೊ ಹೊಡೆಯೋಣವೆ’ ಎಂದು ಇಂದಿಗೂ ಕೇಳುವುದು ಈ ಹೆಸರಿನ ಋಣದಿಂದಲೇ.) ಆದರೂ ಮೈಯನ್ನು ನೋಡಿಕೊಳ್ಳುವುದೆಲ್ಲ ವ್ಯಸನವೆಂಬ ಮಾತನ್ನು ನಾನು ಒಪ್ಪಲಾರೆ. ನಮ್ಮ ಅಜ್ಜಿಯರು ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಕೆಂಪಗೆ ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರವನ್ನು ಕರಗಿಸಿ ಅರಳೆಯಿಂದ ಒರೆಸಿದೊಡನೆ ಒಳಮೈ ಬೆಳ್ಳಿಯಂತಾಗುವುದು. ಆ ಬಿಳುಪು ಅಲಂಕಾರಕ್ಕಾಗಿರಲಿಲ್ಲ. ಹುಳಿಯು ಲೋಹವನ್ನು ತಿಂದು ಅನ್ನವನ್ನು ವಿಷಮಾಡದಿರಲೆಂದು. ಗಾಡಿಯ ಬಣ್ಣವೂ ಮೊದಲು ಕಾವಲು, ಆಮೇಲೆ ಚೆಲುವು. ಲೋಹ ಕಾಣುವ ಗೀರನ್ನು ವೈರಾಗ್ಯದ ಹೆಸರಿನಲ್ಲಿ ಬಿಡುವುದು ಸೋಮಾರಿತನವೇ ಹೊರತು ಬೇರಲ್ಲ. ಕಲಾಯಿಯ ವಿಷಯದಲ್ಲಿ ಇನ್ನೊಂದನ್ನೂ ಗಮನಿಸಬೇಕು. ಅದರ ಹೊಳಪಿನಿಂದ ಯಾರೂ ಮೋಸಹೋಗುತ್ತಿರಲಿಲ್ಲ. ಇದು ಕಲಾಯಿ, ಒಳಗೆ ಹಿತ್ತಾಳೆ, ಮುಂದಿನ ವರ್ಷ ಮತ್ತೆ ಹಾಕಿಸಬೇಕು ಎಂಬುದು ಅಡುಗೆಮನೆಗೆ ಬರುವ ಎಲ್ಲರಿಗೂ ಗೊತ್ತಿತ್ತು.

ಗಾಡಿಯಲ್ಲಿ ಹಾಗಿಲ್ಲವಾದುದರಿಂದಲೇ ತೊಡಕು. ದುರಸ್ತಿಯು ಕಾಣದಿದ್ದರೇ ಚೆನ್ನ. ಕಂಡರೆ ಕೆಲಸ ಕೆಟ್ಟಿತೆನ್ನುವರು. ತನ್ನ ಗಾಡಿಯನ್ನು ತಾನೇ ಇಟ್ಟುಕೊಂಡಿರುವವರೆಗೆ ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ. ಬೀದಿಯಲ್ಲಿ ಹೋಗುವವರಿಗೆಲ್ಲ ನಮ್ಮ ಬಾಗಿಲಿನ ಚರಿತ್ರೆಯನ್ನು ಒಪ್ಪಿಸುವ ಕರ್ತವ್ಯ ನಮಗಿಲ್ಲ. ಗಾಡಿಯು ಕೈಬದಲಾಗುವ ದಿನ ಮಾತ್ರ ಪ್ರಶ್ನೆಯು ಎದ್ದು ನಿಲ್ಲುವುದು: ಹೇಳಬೇಕೆ, ಬೇಡವೆ?

ನಮ್ಮ ಕಾನೂನನ್ನು ಕೇಳಿದರೆ ಅದು ಮಾರುವವನ ಮೇಲೆ ಅಷ್ಟಾಗಿ ಕಠಿಣವಲ್ಲ. ೧೯೩೦ರ ಸರಕು ಮಾರಾಟದ ಕಾಯಿದೆಯು, ಕೆಲವು ಸಂದರ್ಭಗಳನ್ನು ಬಿಟ್ಟರೆ, ಕೊಳ್ಳುವವನೇ ಎಚ್ಚರದಿಂದಿರತಕ್ಕದ್ದೆಂದು ಭಾವಿಸುತ್ತದೆ. ೧೮೭೨ರ ಕರಾರು ಕಾಯಿದೆಯ ೧೭ನೆಯ ಪ್ರಕರಣದಲ್ಲಿ ಒಂದು ಕುದುರೆಯ ದೃಷ್ಟಾಂತವಿದೆ. ಒಬ್ಬನು ರೋಗವುಳ್ಳ ಕುದುರೆಯನ್ನು, ರೋಗವನ್ನು ಬಲ್ಲವನಾಗಿದ್ದೂ ಏನೂ ಹೇಳದೆ ಹರಾಜಿನಲ್ಲಿ ಮಾರುತ್ತಾನೆ. ಇದು ವಂಚನೆಯಲ್ಲವೆಂದು ಕಾಯಿದೆಯ ತೀರ್ಮಾನ. ಆದರೆ ಕೊಳ್ಳುವವಳು ಅವನದೇ ಮಗಳಾಗಿದ್ದು ಆಗತಾನೆ ಪ್ರಾಪ್ತವಯಸ್ಕಳಾಗಿದ್ದರೆ, ಹೇಳುವುದು ಅವನ ಕರ್ತವ್ಯ. ಇನ್ನು ಕೊಳ್ಳುವವನು, “ನೀವು ಇಲ್ಲವೆನ್ನದಿದ್ದರೆ ಕುದುರೆ ನೆಟ್ಟಗಿದೆಯೆಂದೇ ತಿಳಿಯುತ್ತೇನೆ” ಎಂದಾಗ ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮಾನ. ಈ ಮೂರು ದೃಷ್ಟಾಂತಗಳನ್ನು ಒಟ್ಟಿಗೆ ಓದಿದಾಗ ನನಗೆ ಒಂದು ವಿಚಿತ್ರವು ಕಾಣುವುದು. ಮಗಳಿಗೆ ಮಾಡಬಾರದುದನ್ನು ಅಪರಿಚಿತನಿಗೆ ಮಾಡಬಹುದೆಂದು ಕಾನೂನು ಹೇಳುತ್ತದೆ. ಅದು ಹೇಳಬೇಕಾದುದೇ ಅಷ್ಟು, ನ್ಯಾಯಾಲಯಗಳು ಎಲ್ಲರನ್ನೂ ತಂದೆಮಕ್ಕಳನ್ನಾಗಿ ಮಾಡಲಾರವು. ಧರ್ಮವಾದರೋ ಆ ಮಗಳ ದೃಷ್ಟಾಂತವನ್ನೇ ಹಿಡಿದು, “ಅವಳಿಗೆ ಹೇಳುವೆಯಾದರೆ ಇವನಿಗೇಕೆ ಹೇಳೆ?” ಎಂದು ಕೇಳುವುದು.

ಈ ವಾದವು ಬಹಳ ಹಳೆಯದು. ರೋಮಿನ ಸಿಸೆರೊ ಎಂಬ ವಾಗ್ಮಿಯು ಕ್ರಿಸ್ತಪೂರ್ವ ೪೪ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ, ಮನೆಯನ್ನು ಮಾರುವವನೊಬ್ಬನ ಪ್ರಸಂಗವಿದೆ. ಮನೆಯ ಕೋಣೆಕೋಣೆಗಳಲ್ಲಿಯೂ ಹಾವು, ಮರವೆಲ್ಲ ಟೊಳ್ಳು. ಒಡೆಯನ ಹೊರತು ಯಾರಿಗೂ ತಿಳಿಯದು. ಕೇಳದಿದ್ದುದನ್ನು ಹೇಳಬೇಕಾಗಿಲ್ಲವೆಂದು ಡಯೋಜಿನಿಸ್ ಎಂಬ ತತ್ತ್ವಜ್ಞನ ಪಕ್ಷ. ಹೇಳಲೇಬೇಕೆಂದು ಅವನ ಶಿಷ್ಯ ಆಂಟಿಪೇಟರನ ಪಕ್ಷ. ಸಿಸೆರೊ ಶಿಷ್ಯನ ಕಡೆಗೆ ನಿಂತನು. ನಮ್ಮ ಮನುಸ್ಮೃತಿಯ ಎಂಟನೆಯ ಅಧ್ಯಾಯವು ಒಂದರೊಡನೆ ಮತ್ತೊಂದನ್ನು ಬೆರೆಸಿದ ಸರಕನ್ನೂ, ಕೆಟ್ಟದ್ದನ್ನೂ, ತೂಕ ಕಡಮೆಯಾದುದನ್ನೂ, ಮುಚ್ಚಿಟ್ಟುದನ್ನೂ ಮಾರಕೂಡದೆಂದು ವಿಧಿಸಿ, ಕೊಂಡು ಅಥವಾ ಮಾರಿ ಪಶ್ಚಾತ್ತಾಪಪಟ್ಟವನಿಗೆ ಹತ್ತು ದಿನಗಳ ಅವಕಾಶವನ್ನೂ ಕೊಟ್ಟಿದೆ. ಆ ಗ್ರಂಥದ ಎಲ್ಲ ವಿಧಿಗಳಿಗೂ ತಲೆಬಾಗುವವನು ನಾನಲ್ಲ. ವ್ಯಾಪಾರದ ಈ ವಿಧಿಯು ಮಾತ್ರ ಹದವಾಗಿದೆ.

ಆದರೆ ಕುದುರೆ, ಮನೆಗಳ ದೃಷ್ಟಾಂತಕ್ಕೂ ನಮ್ಮ ಗೀರಿಗೂ ಒಂದು ಅಂತರವಿದೆ. ಅದನ್ನು ಬಿಟ್ಟರೆ ವಿಚಾರವು ಸೊಟ್ಟಗಾಗುವುದು. ಕುದುರೆಯವನು ಸುಮ್ಮನಿದ್ದನು, ಅಷ್ಟೆ. ತುಕ್ಕಿನ ಮೇಲೆ ಬಣ್ಣ ಬಳಿದು ಮಾರುವವನು ಸುಮ್ಮನಿಲ್ಲ. ಅವನ ಕೈ ಮಾತನಾಡಿದೆ. ಕರಾರು ಕಾಯಿದೆಯೂ ಈ ಭೇದವನ್ನು ಬಲ್ಲುದು. ಬರಿಯ ಮೌನವನ್ನು ಅದು ಬಹುಮಟ್ಟಿಗೆ ಕ್ಷಮಿಸಿದರೂ, ತಿಳಿದ ಸಂಗತಿಯನ್ನು ಪ್ರಯತ್ನಪೂರ್ವಕವಾಗಿ ಮರೆಮಾಡುವುದನ್ನು ಅದೇ ಪ್ರಕರಣದಲ್ಲಿ ವಂಚನೆಯ ಪಟ್ಟಿಗೆ ಸೇರಿಸಿದೆ. ಬಣ್ಣವೂ ಒಂದು ಮಾತು. ‘ಇಲ್ಲಿ ಏನೂ ಆಗಿಲ್ಲ’ ಎಂದು ಅದು ಹೇಳುವುದು.

ಹಾಗಾದರೆ ತೆಗೆದ ಪ್ರತಿಯೊಂದು ಗೀರನ್ನೂ ಪಟ್ಟಿಮಾಡಿ ಒಪ್ಪಿಸಬೇಕೆ? ಮೇಲುಗೀರನ್ನು ಉಜ್ಜಿ ತೆಗೆದದ್ದಾದರೆ, ಗಾಡಿಯ ಒಳಗುಟ್ಟೇನೂ ಅಲ್ಲಿ ಉಳಿದಿಲ್ಲ; ಅದನ್ನು ಹೇಳದಿದ್ದರೆ ದೋಷವಿಲ್ಲವೆಂದು ನನ್ನ ಅಭಿಪ್ರಾಯ. ಲೋಹಕ್ಕೆ ಮುಟ್ಟಿದ ಗೀರು ಹಾಗಲ್ಲ. ಎಷ್ಟೇ ಶ್ರದ್ಧೆಯಿಂದ ಮಾಡಿದ್ದರೂ ಆ ತೇಪೆಯ ಕೆಳಗೆ ತುಕ್ಕಿನ ಒಂದು ಕಣ ಉಳಿದಿಲ್ಲವೆಂದು ಮಾಡಿದವನೂ ಆಣೆಯಿಡಲಾರನು. ಅದರ ಫಲವನ್ನು ಮೂರು ವರ್ಷಗಳ ಬಳಿಕ ಉಣ್ಣತಕ್ಕವನು ಕೊಂಡವನು. ಯಾರು ಫಲವನ್ನು ಉಣ್ಣುವರೋ ಅವರಿಗೆ ಬೀಜದ ವಿಷಯ ತಿಳಿದಿರಬೇಕು. ಈಗ ಹಳೆಯ ಗಾಡಿಗಳ ವ್ಯಾಪಾರಿಗಳು ಬಣ್ಣದ ದಪ್ಪವನ್ನು ಅಳೆಯುವ ಪುಟ್ಟ ಯಂತ್ರವನ್ನು ಇಟ್ಟುಕೊಂಡಿರುವರು. ಮತ್ತೆ ಬಣ್ಣ ಹೊಡೆದ ಬಾಗಿಲಿನ ಮೇಲೆ ಇಟ್ಟೊಡನೆ ಅಂಕಿಯು ಇಮ್ಮಡಿಸಿ ಗುಟ್ಟು ಬಯಲಾಗುವುದು. ಯಂತ್ರವಿದೆಯೆಂದು ನಿಜ ಹೇಳುವವನಿಗೂ ಯಂತ್ರವಿಲ್ಲದ ಹಳ್ಳಿಗನಿಗೆ ನಿಜ ಹೇಳುವವನಿಗೂ ಇರುವ ತಾರತಮ್ಯವನ್ನು ವಾಚಕರೇ ಊಹಿಸಬಲ್ಲರು.

ಇನ್ನು ನನ್ನನ್ನು ಹೆಚ್ಚು ಕಾಡಿದ ಪ್ರಸಂಗಕ್ಕೆ ಬರುತ್ತೇನೆ. ಗಾಡಿಯು ನಮ್ಮದಾಗಿರದೆ ಪರರದಾಗಿದ್ದರೆ? ಒಬ್ಬ ಸಂಬಳದ ಚಾಲಕನಿದ್ದಾನೆಂದು ಇಟ್ಟುಕೊಳ್ಳೋಣ. ಯಜಮಾನರು ಊರಲ್ಲಿಲ್ಲದಾಗ ಓಣಿಯಲ್ಲಿ ಹಿಂದಕ್ಕೆ ತೆಗೆಯುವಾಗ ಕಲ್ಲುಕಂಬಕ್ಕೆ ತಗುಲಿ ಹಿಂಬಾಗಿಲಿನ ಮೇಲೆ ಮೊಳದುದ್ದದ ಗೀರು ಬಿದ್ದಿತು. ಹೇಳಿದರೆ ಸಂಬಳ ಮುರಿಯುವರು. ಕೆಲಸವೇ ಹೋದರೂ ಹೋಯಿತು. ಅವನು ಕೈಯಿಂದ ಹಣ ಹಾಕಿ ಬಣ್ಣ ತಂದು, ಎರಡು ರಾತ್ರಿ ನಿದ್ದೆಗೆಟ್ಟು, ಯಾರೂ ಗುರುತಿಸದಂತೆ ತಿದ್ದಿದನು. ಯಜಮಾನರಿಗೆ ಬಿಡಿಕಾಸಿನ ನಷ್ಟವಿಲ್ಲ. ಇವನು ತಪ್ಪಿತಸ್ಥನೆ?

ನಷ್ಟವಿಲ್ಲದಲ್ಲಿ ಅಪರಾಧವಿಲ್ಲವೆಂದು ಕೆಲವರು ಬೇಗನೆ ಬಿಡುಗಡೆ ಮಾಡುವರು. ನನಗೆ ಅದು ಸಾಲದು. ಯಜಮಾನರು ಹಣವನ್ನಲ್ಲದಿದ್ದರೂ ಒಂದು ತಿಳಿವಳಿಕೆಯನ್ನು ಕಳೆದುಕೊಂಡರು: ತಮ್ಮ ಗಾಡಿಯ ಆ ಬಾಗಿಲಿನಲ್ಲಿ ತೇಪೆಯಿದೆ, ಆ ಓಣಿಯು ಇಕ್ಕಟ್ಟಾಗಿದೆ, ಚಾಲಕನ ಕಣ್ಣು ಇರುಳಿನಲ್ಲಿ ಮಂದವಾಗುತ್ತಿರಬಹುದು. ನಾಳೆ ಅದೇ ಗಾಡಿಯಲ್ಲಿ ಮಕ್ಕಳು ಶಾಲೆಗೆ ಹೋಗುವರು. ತಮಗೆ ಸೇರಿದ ವಿಷಯದಲ್ಲಿ ತಾವೇ ತೀರ್ಮಾನಿಸುವ ಅವಕಾಶವನ್ನು ಚಾಲಕನು ಅವರಿಂದ ತೆಗೆದುಕೊಂಡನು. ಇದು ತಪ್ಪೇ.

ಆದರೆ ತಪ್ಪಿನ ಪಾಲನ್ನು ಹಂಚುವಾಗ ತಕ್ಕಡಿಯನ್ನು ನೆಟ್ಟಗೆ ಹಿಡಿಯಬೇಕು. ಆ ಮನೆಯಲ್ಲಿ ನಿಜಕ್ಕೆ ಒಂದು ತಿಂಗಳ ಸಂಬಳವೆಂಬ ಬೆಲೆಯನ್ನು ಇಟ್ಟವರು ಯಾರು? ಸುಳ್ಳು ಅಗ್ಗವಾಗಿ ನಿಜವು ತುಟ್ಟಿಯಾಗಿರುವ ಪೇಟೆಯಲ್ಲಿ, ಬಡವನು ಅಗ್ಗವಾದುದನ್ನು ಕೊಂಡರೆ ಪೇಟೆಯ ಯಜಮಾನರು ಆಶ್ಚರ್ಯಪಡಬಾರದು. ಇದೇ ಯಜಮಾನರು ಸಂತೆಯ ಬೀದಿಯಲ್ಲಿ ತಾವು ಗಾಡಿ ನಡೆಸುವಾಗ, ನಿಂತ ಸ್ಕೂಟರೊಂದಕ್ಕೆ ಒರೆಸಿಕೊಂಡು ಹೋಗಿ, ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಮುಂದೆ ಸಾಗಿದುದನ್ನು ನಾವು ನೋಡಿಲ್ಲವೆ? ಅವರಿಗಾದರೋ ಕಳೆದುಕೊಳ್ಳಬೇಕಾಗಿದ್ದದ್ದು ಐದು ನಿಮಿಷ ಹೊತ್ತು, ಒಂದಿಷ್ಟು ಹಣ. ಚಾಲಕನು ಅಷ್ಟಾದರೂ ತಿದ್ದಿದನು. ಮಕ್ಕಳ ವಿಷಯವೂ ಇದಕ್ಕೆ ಹತ್ತಿರದ್ದು. ಗೀರೆಳೆದ ಮಗುವಿಗೆ ಹೊಡೆದವರು ಮುಂದಿನ ಗೀರಿನ ಸುದ್ದಿಯನ್ನು ಬೇರೆಯವರಿಂದ ಕೇಳುವರು. ಕೈಗೆ ಒದ್ದೆಬಟ್ಟೆ ಕೊಟ್ಟು, ಜೊತೆಯಲ್ಲಿ ಕೂರಿಸಿಕೊಂಡು ಉಜ್ಜಿಸಿದವರು ಮಗುವಿನ ಬಾಯಿಂದಲೇ ಕೇಳುವರು.

ನನಗೆ ಪರಿಚಯವಿದ್ದ ಒಂದು ಮನೆಯಲ್ಲಿ ಗಾಡಿಯ ಬಣ್ಣದ ಸೀಸೆಯನ್ನು ಬೀಗವಿಲ್ಲದ ಗೂಡಿನಲ್ಲಿ ಇಡುತ್ತಿದ್ದರು. ಅದರ ಪಕ್ಕದಲ್ಲಿ ದಾರ ಕಟ್ಟಿದ ಒಂದು ಚಿಕ್ಕ ಪುಸ್ತಕ, ಒಂದು ಪೆನ್ಸಿಲು. ಗೀರು ಬಿದ್ದ ತಾರೀಖು, ಸ್ಥಳ, ಲೋಹ ಕಂಡಿತೊ ಇಲ್ಲವೊ, ಯಾರ ಕೈಯಿಂದ ಎಂಬುದನ್ನು ಅದರಲ್ಲಿ ಬರೆಯಬೇಕು. ಮೊದಲ ಪುಟದ ಮೊದಲ ನಾಲ್ಕು ಗೀರುಗಳು ಯಜಮಾನರವೇ. ನಾಲ್ಕರಲ್ಲಿ ಮೂರು ತಮ್ಮ ಮನೆಯ ಗೇಟಿಗೆ. ಐದನೆಯದು ಚಾಲಕನ ಅಕ್ಷರ, ಏಳನೆಯದು ಹತ್ತು ವರ್ಷದ ಹುಡುಗಿಯದು, ಕಾಗುಣಿತದ ತಪ್ಪಿನೊಡನೆ. ಗಾಡಿಯನ್ನು ಮಾರಿದ ದಿನ ಬೀಗದ ಕೈಯೊಡನೆ ಆ ಪುಸ್ತಕವನ್ನೂ ಕೊಂಡವರಿಗೆ ಕೊಟ್ಟರು. ಅವರು ನಿಂತಲ್ಲಿಯೇ ಹಾಳೆ ತಿರುವಿ ಓದಿ, ಬೆಲೆಯಲ್ಲಿ ಸ್ವಲ್ಪ ಇಳಿಸಬೇಕೆಂದು ಕೇಳಿದರು. ಇವರು ಇಳಿಸಿದರು.